ಜ್ವರಕ್ಕೆ ಮಿದುಳೇ ಹಾಕುವ ಕಡಿವಾಣ

(ಪದವಿ ವಿದ್ಯಾರ್ಥಿಗಳು ಮತ್ತು ವಿಜ್ಞಾನಾಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಮೊಲಕ್ಕೆ ಜ್ವರ ಏರುತ್ತಿದೆ ಎನ್ನುವುದನ್ನು ಮೊದಲು ಹೇಳುವುದು ಅದರ ಕಿವಿ. ಕಿವಿ ಬಿಸಿಯಾಗುತ್ತದೆ ಅಂದುಕೊಳ್ಳಬೇಡಿ, ತಣ್ಣಗಾಗುತ್ತದೆ. ಮೊಲ ನಮ್ಮ ಹಾಗೆ ಬೆವರುವ ಪ್ರಾಣಿಯಲ್ಲ. ಮೈಯ ಶಾಖವನ್ನು ಹೊರಗೆ ಬಿಡಲು ಅದಕ್ಕಿರುವ ದೊಡ್ಡ ದಾರಿ ಆ ಉದ್ದನೆಯ ತೆಳು ಕಿವಿಗಳೇ. ಜ್ವರ ಶುರುವಾಗುವಾಗ ಕಿವಿಯ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಶಾಖ ಒಳಗೇ ಉಳಿಯುತ್ತದೆ. ಥರ್ಮಾಮೀಟರಿನ ಅಂಕಿ ಏರುವುದು ಅದರ ಹಿಂದೆಯೇ.

ಬಿಸಿಲಿಗೆ ಸಿಕ್ಕಿ ಮೈ ಕಾದ ಮೊಲದ ಕಿವಿ ಹೀಗಿರುವುದಿಲ್ಲ. ಕೆಂಪಗೆ, ಬೆಚ್ಚಗೆ ಇರುತ್ತದೆ, ಏಕೆಂದರೆ ಅದರ ದೇಹ ಶಾಖವನ್ನು ಹೊರಹಾಕಲು ಒದ್ದಾಡುತ್ತಿರುತ್ತದೆ. ಜ್ವರದ ಮೊಲ ಶಾಖವನ್ನು ಕೂಡಿಡುತ್ತಿರುತ್ತದೆ. ನಮ್ಮ ಕಥೆಯೂ ಇದೇ. ಮಲೇರಿಯ ಬಂದವರು ಏಪ್ರಿಲ್ ತಿಂಗಳ ಸೆಕೆಯಲ್ಲೂ ಕಂಬಳಿ ಮೇಲೆ ಕಂಬಳಿ ಹೊದ್ದು ಗಡಗಡ ನಡುಗುವುದನ್ನು ನಿಮ್ಮಲ್ಲಿ ಹಿರಿಯರು ನೋಡಿರುತ್ತೀರಿ. ಮುಟ್ಟಿದರೆ ಮೈ ಸುಡುತ್ತದೆ, ಅವರು ಮಾತ್ರ ಚಳಿ ಚಳಿ ಅನ್ನುತ್ತಾರೆ. ಸುಳ್ಳಲ್ಲ ಅದು. ಮೈ 37 ಡಿಗ್ರಿಯಲ್ಲಲ್ಲ, 39ರಲ್ಲಿ ಇರಬೇಕು ಎಂದು ಅವರ ಮಿದುಳು ತೀರ್ಮಾನ ಮಾಡಿಬಿಟ್ಟಿದೆ. ಆ 39ಕ್ಕೆ ಹೋಲಿಸಿದರೆ ಅವರು ಇನ್ನೂ ತಣ್ಣಗೇ ಇದ್ದಾರೆ. ಅಂದರೆ ಜ್ವರ ಎನ್ನುವುದು ದೇಹದ ಶಾಖ ಕೈಮೀರಿದ್ದಲ್ಲ. ಮಿದುಳಿನ ಬುಡದಲ್ಲಿರುವ ಹೈಪೊಥಾಲಮಸ್ ಎಂಬ ಪುಟ್ಟ ಭಾಗ, ಗೊತ್ತಿದ್ದೇ ಮಾಡಿದ ಏರ್ಪಾಡು.

ಏರ್ಪಾಡು ಹೇಗೆ ನಡೆಯುತ್ತದೆ ಎಂಬುದು ಬಹುಪಾಲು ತಿಳಿದಿದೆ, ಬೇಗ ಹೇಳಿ ಮುಗಿಸುತ್ತೇನೆ. ಕೆಲವು ಬ್ಯಾಕ್ಟೀರಿಯಗಳ ಹೊರಪದರದಲ್ಲಿ ಎಂಡೊಟಾಕ್ಸಿನ್ ಎಂಬ ವಸ್ತು ಇದೆ. ಪ್ರಯೋಗಶಾಲೆಯಲ್ಲಿ ಜ್ವರ ಬರಿಸಬೇಕೆಂದರೆ ಜೀವಂತ ರೋಗಾಣು ಬೇಕಿಲ್ಲ, ಇದರ ಅತ್ಯಲ್ಪ ಪ್ರಮಾಣ ಸಾಕು. ನಮ್ಮ ಬಿಳಿ ರಕ್ತಕಣಗಳು ಅದನ್ನು ಕಂಡು ತಾವೇ ಜ್ವರ ಬರಿಸುವ ಪ್ರೋಟೀನುಗಳನ್ನು ಸುರಿಸುತ್ತವೆ. ಮೊಲದ ಬಿಳಿ ರಕ್ತಕಣಗಳಿಂದ ಅಂಥದ್ದೊಂದನ್ನು ಪಾಲ್ ಬೀಸನ್ 1948ರಲ್ಲಿ ತೋರಿಸಿದರು. ಆ ಗುಂಪಿನ ಮುಖ್ಯ ಸದಸ್ಯನಿಗೆ ಈಗ ಇಂಟರ್‌ಲ್ಯೂಕಿನ್-1 ಎಂದು ಹೆಸರು. ಇಂಥವು ರಕ್ತದಲ್ಲಿ ಹರಿದಾಡಿ ಕೊಟ್ಟ ಸುದ್ದಿಯಿಂದ ಮಿದುಳಿನಲ್ಲಿ ಪ್ರೋಸ್ಟಗ್ಲಾಂಡಿನ್ ಇ2 ತಯಾರಾಗುತ್ತದೆ. ಕೊನೆಯ ಗುಂಡಿ ಒತ್ತುವುದು ಅದೇ. ಪ್ರೋಸ್ಟಗ್ಲಾಂಡಿನ್ ತಯಾರಿಯನ್ನು ಆಸ್ಪಿರಿನ್ ತಡೆಯುತ್ತದೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು, 1982ರಲ್ಲಿ ನೊಬೆಲ್ ಪಡೆದರು. ಕೋವಿಡ್ ಕಾಲದಲ್ಲಿ ಮನೆಮಾತಾದ, ನಮ್ಮ ಬೆಂಗಳೂರಿನ ಕಂಪನಿಯೇ ತಯಾರಿಸುವ ಡೋಲೋ 650 ಇದೆಯಲ್ಲ, ಅದರೊಳಗಿನ ಪ್ಯಾರಾಸಿಟಮಾಲ್ ಕೂಡ ಮುಖ್ಯವಾಗಿ ಇಲ್ಲೇ ಕೈ ಹಾಕುತ್ತದೆ.

ಜ್ವರದಿಂದ ಉಪಯೋಗ ಉಂಟೇ? ಉಂಟು ಎನ್ನಲು ಬಲವಾದ ಸಾಕ್ಷಿ ಬಂದದ್ದು ತಣ್ಣನೆ ರಕ್ತದ ಪ್ರಾಣಿಯಿಂದ. ಮಿಶಿಗನ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕ್ಲೂಗರ್ ಮತ್ತು ಜೊತೆಯವರು ಮರುಭೂಮಿಯ ಇಗ್ವಾನ ಎಂಬ ಓತಿಯ ಜಾತಿಯನ್ನು ಹಿಡಿದರು. ಓತಿಗೆ ಮೈಯೊಳಗೆ ಶಾಖ ಹುಟ್ಟಿಸುವ ಶಕ್ತಿ ಇಲ್ಲ. ಆದರೆ ಸೋಂಕು ತಗುಲಿಸಿ, ಬಿಸಿ ಜಾಗ ತಂಪು ಜಾಗ ಎರಡನ್ನೂ ಮುಂದಿಟ್ಟರೆ ಅದು ಬಿಸಿ ಜಾಗಕ್ಕೇ ಹೋಗಿ ಕೂರುತ್ತದೆ. ಮಿದುಳು ಕೇಳಿದ ಜ್ವರವನ್ನು ಕಾಲಲ್ಲಿ ನಡೆದು ಸಂಪಾದಿಸುತ್ತದೆ. ಬಿಸಿಯಲ್ಲಿಟ್ಟ ಓತಿಗಳು ಹೆಚ್ಚು ಬದುಕಿದವು, ತಂಪಿನಲ್ಲಿ ಕೂಡಿಹಾಕಿದವು ಹೆಚ್ಚು ಸತ್ತವು. 1975ರಲ್ಲಿ ಪ್ರಕಟವಾದ ಕೆಲಸ ಇದು.

ಜ್ವರ ಒಳ್ಳೆಯದೇ ಆದರೆ ಏರುತ್ತಲೇ ಏಕೆ ಹೋಗುವುದಿಲ್ಲ? ಸೋಂಕಿನಿಂದ ಬಂದ ಜ್ವರ 41 ಡಿಗ್ರಿ, ಅಂದರೆ ಸುಮಾರು 106 ಫ್ಯಾರನ್‌ಹೀಟ್ ದಾಟುವುದು ಅಪರೂಪ. ಬಿಸಿಲ ಹೊಡೆತಕ್ಕೆ ಸಿಕ್ಕವರಲ್ಲಿ ಇಂಥ ಮಿತಿ ಕಾಣುವುದಿಲ್ಲ. ಜ್ವರಕ್ಕೆ ಮಾತ್ರ ಛಾವಣಿ ಹಾಕಿಟ್ಟವರು ಯಾರು? ಇವತ್ತು ಮಾತಾಡಬೇಕಾದದ್ದು ಇದೇ. ಜ್ವರ ಬರಿಸುವ ಮಿದುಳೇ ಅದನ್ನು ಹಿಡಿದು ನಿಲ್ಲಿಸುವ ಹಾರ್ಮೋನುಗಳನ್ನೂ ಇಟ್ಟುಕೊಂಡಿದೆ ಎಂಬ ಉತ್ತರ ಕುರಿ, ಮೊಲ, ಇಲಿಗಳಿಂದ ಬಂತು.

ಕುರಿಯ ವಿಷಯ ಮೊದಲು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಕೀತ್ ಕೂಪರ್, ವಾರೆನ್ ವೀಲ್, ನಾರ್ಮನ್ ಕಾಸ್ಟಿಂಗ್, ಕ್ವೆಂಟಿನ್ ಪಿಟ್‌ಮನ್ ಜ್ವರದ ಮೇಲೆ ಕೆಲಸ ಮಾಡುತ್ತಿದ್ದರು. ಗಬ್ಬದ ಕುರಿ ಈಯುವ ದಿನ ಹತ್ತಿರವಾದಾಗ ಎಂಡೊಟಾಕ್ಸಿನ್ ಕೊಟ್ಟರೂ ಅದಕ್ಕೆ ಜ್ವರ ಬರುವುದಿಲ್ಲ ಎಂದು ಇವರು ಕಂಡುಕೊಂಡರು. ಅದೇ ಕುರಿ, ಅದೇ ಚುಚ್ಚುಮದ್ದು. ಕೆಲವು ವಾರ ಹಿಂದೆ ಕೊಟ್ಟಿದ್ದರೆ ಜ್ವರ ಬರುತ್ತಿತ್ತು, ಈದ ಮೇಲೆ ಕೊಟ್ಟರೂ ಬರುತ್ತದೆ. ನಡುವಿನ ಆ ಕೆಲವು ದಿನ ಮಾತ್ರ ಇಲ್ಲ. ಈಗಷ್ಟೇ ಹುಟ್ಟಿದ ಮರಿಗಳಲ್ಲೂ ಜ್ವರ ಸರಿಯಾಗಿ ಏಳುವುದಿಲ್ಲ. ಜರ್ಮನಿಯ ಗೀಸೆನ್‌ನಲ್ಲಿ ಯುಜೆನ್ ಝೈಸ್‌ಬರ್ಗರ್ ಅವರ ಗುಂಪು ಗಿನಿಪಿಗ್‌ಗಳಲ್ಲೂ ಇಂಥದ್ದನ್ನೇ ನೋಡಿತು.

ಹೆರಿಗೆಯ ಹೊತ್ತಿನಲ್ಲಿ ತಾಯಿಯ ದೇಹದಲ್ಲಿ ಬದಲಾಗುವುದು ಹಾರ್ಮೋನುಗಳು. ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ವ್ಯಾಸೊಪ್ರೆಸಿನ್. ಹೈಪೊಥಾಲಮಸ್‌ನಲ್ಲಿ ತಯಾರಾಗಿ ಅದರ ಕೆಳಗೇ ಇರುವ ಪಿಟ್ಯೂಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕೆ ಬಿದ್ದು, ಮೂತ್ರದಲ್ಲಿ ನೀರು ಪೋಲಾಗದಂತೆ ನೋಡಿಕೊಳ್ಳುವ ಹಾರ್ಮೋನು ಎಂದು ನಾವು ಪಾಠದಲ್ಲಿ ಓದುತ್ತೇವೆ. ಪಾಠದಲ್ಲಿ ಹೇಳದೆ ಬಿಟ್ಟದ್ದೇನೆಂದರೆ, ಅದು ಮಿದುಳಿನೊಳಗೆ ನರತಂತುಗಳ ತುದಿಯಲ್ಲೂ ಸುರಿಯುತ್ತದೆ, ಅದರಲ್ಲೂ ಸೆಪ್ಟಮ್ ಎಂಬ ಜಾಗದಲ್ಲಿ. ಆ ಜಾಗಕ್ಕೆ ಅತಿ ಸಣ್ಣ ಕೊಳವೆ ಇಳಿಸಿ ವ್ಯಾಸೊಪ್ರೆಸಿನ್ ಹರಿಸಿದರೆ ಕುರಿಯ ಜ್ವರ ಇಳಿಯಿತು. ಜ್ವರ ಇಲ್ಲದ ಕುರಿಗೆ ಹರಿಸಿದರೆ ಅದರ ಸಹಜ ಉಷ್ಣತೆ ಕದಲಲಿಲ್ಲ. ಅದೇ ಜಾಗದಿಂದ ದ್ರವವನ್ನು ಹೊರಗೆಳೆದು ಅಳೆದಾಗ, ಉಷ್ಣತೆ ಏರುವ ಹೊತ್ತಿನಲ್ಲಿ ವ್ಯಾಸೊಪ್ರೆಸಿನ್ ಕಡಿಮೆ, ಇಳಿಯುವ ಹೊತ್ತಿನಲ್ಲಿ ಹೆಚ್ಚು.

ಒಂದು ಹಾರ್ಮೋನನ್ನು ಪ್ರಾಣಿಗೆ ಕೊಟ್ಟು ಜ್ವರ ಇಳಿಯಿತು ಎಂದು ತೋರಿಸಿದರೆ ಏನು ಸಾಬೀತಾಯಿತು? ಅದು ಔಷಧದಂತೆ ಕೆಲಸ ಮಾಡಬಲ್ಲದು ಎಂದಷ್ಟೇ. ದೇಹ ತಾನಾಗಿ ಅದನ್ನು ಆ ಕೆಲಸಕ್ಕೆ ಬಳಸುತ್ತದೆ ಎಂದಾಯಿತೇ? ಇಲ್ಲ. ಪ್ಯಾರಾಸಿಟಮಾಲ್ ಜ್ವರ ಇಳಿಸುತ್ತದೆ, ಹಾಗೆಂದು ನಮ್ಮ ಮಿದುಳಿನಲ್ಲಿ ಪ್ಯಾರಾಸಿಟಮಾಲ್ ಗ್ರಂಥಿ ಇದೆಯೇ? ದೇಹದ ಸ್ವಂತ ಉಪಯೋಗ ತಿಳಿಯಬೇಕಾದರೆ ಕೊಟ್ಟು ನೋಡಿದರೆ ಸಾಲದು, ಕಿತ್ತು ನೋಡಬೇಕು. ಇರುವ ಹಾರ್ಮೋನನ್ನು ಕಟ್ಟಿಹಾಕಿದಾಗ ಜ್ವರ ಹೆಚ್ಚಾಗಬೇಕು. ವಿದ್ಯಾರ್ಥಿಗಳು ಇದೊಂದನ್ನು ನೆನಪಿಟ್ಟುಕೊಂಡರೆ ಪತ್ರಿಕೆಯಲ್ಲಿ ಬರುವ ಅರ್ಧಕ್ಕರ್ಧ ಆರೋಗ್ಯ ಸುದ್ದಿಗಳನ್ನು ತಾವೇ ತೂಗಿ ನೋಡಬಹುದು.

ಕ್ಯಾಲ್ಗರಿಯವರು ಈ ಎರಡನೆಯ ಹೆಜ್ಜೆಯನ್ನೂ ಇಟ್ಟರು. ವ್ಯಾಸೊಪ್ರೆಸಿನ್ ಹೋಗಿ ಕೂರುವ ಗ್ರಾಹಕವನ್ನು ತಡೆಯುವ ರಾಸಾಯನಿಕವನ್ನು ಇಲಿಯ ಸೆಪ್ಟಮ್‌ಗೆ ಹಾಕಿದಾಗ ಜ್ವರ ಹೆಚ್ಚು ಏರಿತು, ಹೆಚ್ಚು ಹೊತ್ತು ನಿಂತಿತು. ಬೀಜ ಒಡೆದ ಗಂಡಿಲಿಗಳಲ್ಲಿ ಈ ಜಾಗದ ವ್ಯಾಸೊಪ್ರೆಸಿನ್ ತಾನಾಗಿ ಬತ್ತುತ್ತದೆ. ಅವುಗಳಲ್ಲೂ ಜ್ವರ ಜೋರು. ಹಾಗಾದರೆ ವ್ಯಾಸೊಪ್ರೆಸಿನ್ನನ್ನೇ ಜ್ವರದ ಔಷಧ ಮಾಡಬಹುದಲ್ಲ ಎಂದು ಅನ್ನಿಸಬಹುದು. ಇದೇ ಗುಂಪು ಕಂಡ ಇನ್ನೊಂದು ಸಂಗತಿ ಕೇಳಿ: ಇಲಿಯ ಮಿದುಳಿಗೆ ವ್ಯಾಸೊಪ್ರೆಸಿನ್ ಹೆಚ್ಚಾಗಿ ಬಿದ್ದರೆ ಸೆಳವು ಬರುತ್ತದೆ. ಚಿಕ್ಕ ಮಕ್ಕಳಿಗೆ ಜ್ವರದ ಜೊತೆ ಬರುವ ಫಿಟ್ಸ್‌ಗೂ ಇದಕ್ಕೂ ನಂಟಿರಬಹುದೇ ಎಂಬ ಯೋಚನೆ ಹುಟ್ಟಿದ್ದು ಅಲ್ಲಿಂದಲೇ.

ಇನ್ನು ಅಮೆರಿಕದ ಡಲ್ಲಾಸ್. ಟೆಕ್ಸಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜೇಮ್ಸ್ ಲಿಪ್ಟನ್ ಅವರ ಕೈಗೆ ಸಿಕ್ಕಿದ್ದು ಬೇರೊಂದು ಹಾರ್ಮೋನು, ಆಲ್ಫಾ-ಎಂಎಸ್‌ಎಚ್. ಇದರ ಹಳೆಯ ಚರಿತ್ರೆಗೂ ಜ್ವರಕ್ಕೂ ಸಂಬಂಧವೇ ಇರಲಿಲ್ಲ. 1916ರಲ್ಲಿ ಕಪ್ಪೆಯ ಗೊದಮೊಟ್ಟೆಗಳಿಂದ ಪಿಟ್ಯೂಟರಿ ಗ್ರಂಥಿಯ ಮೂಲವನ್ನು ತೆಗೆದು ನೋಡಿದವರು, ಅವು ಬಣ್ಣಗೆಟ್ಟು ಬೆಳ್ಳಿಯಂತೆ ಬಿಳಿಚಿಕೊಂಡವು ಎಂದು ವರದಿ ಮಾಡಿದ್ದರು. ಪಿಟ್ಯೂಟರಿಯಲ್ಲಿ ಚರ್ಮವನ್ನು ಕಪ್ಪಾಗಿಸುವ ಏನೋ ಇದೆ ಎಂದಾಯಿತು. 1950ರ ದಶಕದಲ್ಲಿ ಏರನ್ ಲರ್ನರ್ ಮತ್ತು ಸಂಗಡಿಗರು ಹಂದಿಯ ಪಿಟ್ಯೂಟರಿಯಿಂದ ಅದನ್ನು ಶುದ್ಧವಾಗಿ ಬೇರ್ಪಡಿಸಿದರು. 13 ಅಮೈನೊ ಆಮ್ಲಗಳ ಪುಟ್ಟ ಸರಪಳಿ. ಮನುಷ್ಯರ ಪಿಟ್ಯೂಟರಿಯಲ್ಲಿ ಇದು ಹೆಚ್ಚೇನೂ ತಯಾರಾಗದ ಕಾರಣ, ಕಪ್ಪೆಗೆ ಬೇಕಾದದ್ದು ನಮಗೇಕೆ ಎಂದು ಬಹಳ ಜನ ಕೈಬಿಟ್ಟಿದ್ದರು. ಆದರೆ ಮಿದುಳಿನಲ್ಲಿ, ಉಷ್ಣತೆಯನ್ನು ನೋಡಿಕೊಳ್ಳುವ ಜಾಗಗಳ ಆಸುಪಾಸಿನಲ್ಲೇ ಅದು ಇತ್ತು.

ಲಿಪ್ಟನ್ ಮತ್ತು ಜೊತೆಗಾರರು 1983ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದು ಇಷ್ಟು: ಜ್ವರ ಬರಿಸಿದ ಮೊಲದ ಮಿದುಳಿಗೆ ಆಲ್ಫಾ-ಎಂಎಸ್‌ಎಚ್ ಕೊಟ್ಟರೆ ಜ್ವರ ತಗ್ಗುತ್ತದೆ, ಅದೇ ಪ್ರಮಾಣ ಜ್ವರವಿಲ್ಲದ ಮೊಲದ ಉಷ್ಣತೆಯನ್ನು ಮುಟ್ಟುವುದೇ ಇಲ್ಲ. ಶಕ್ತಿಯ ಲೆಕ್ಕ ಹಾಕಿದರೆ ಅದು ಪ್ಯಾರಾಸಿಟಮಾಲ್‌ಗಿಂತ 25,000 ಪಟ್ಟು ಹೆಚ್ಚು. ಈ ಅಂಕಿ ಎಲ್ಲರ ಬಾಯಲ್ಲೂ ಓಡಾಡಿತು, ಇವತ್ತಿಗೂ ಓಡಾಡುತ್ತದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1986ರ ಕೆಲಸ. ಆಲ್ಫಾ-ಎಂಎಸ್‌ಎಚ್ ಅನ್ನು ಹಿಡಿದು ನಿಷ್ಕ್ರಿಯ ಮಾಡುವ ಪ್ರತಿಕಾಯಗಳನ್ನು ಮೊಲದ ಮಿದುಳಿಗೆ ಹಾಕಿದರು, ಆಮೇಲೆ ಜ್ವರ ಬರಿಸಿದರು. ಜ್ವರ ಎಂದಿಗಿಂತ ಹೆಚ್ಚಾಯಿತು. ಕಿತ್ತು ನೋಡುವ ಪರೀಕ್ಷೆಯಲ್ಲಿ ಇದೂ ಪಾಸಾಯಿತು. ಮುಂದೆ ಜೆಫ್ರಿ ಟ್ಯಾಟ್ರೊ ಅವರ ಗುಂಪು ಇಲಿಗಳ ಮಿದುಳಿನಲ್ಲಿ ಈ ಹಾರ್ಮೋನು ಹೋಗಿ ಕೂರುವ ಮೆಲನೊಕಾರ್ಟಿನ್ ಗ್ರಾಹಕಗಳಿಗೆ ಅಡ್ಡ ಹಾಕಿ, ಆಲ್ಫಾ-ಎಂಎಸ್‌ಎಚ್ ಜ್ವರ ಇಳಿಸುವುದು ಆ ಬಾಗಿಲಿನ ಮೂಲಕವೇ ಎಂದು ತೋರಿಸಿತು.

ಈ ಗುಂಪಿನ ಇನ್ನೊಂದು ಕೆಲಸ ಹಸಿವಿನ ಮೇಲೆ. ಅದೇ ಗ್ರಾಹಕಗಳನ್ನು ಮುಚ್ಚಿದರೆ, ಎಂಡೊಟಾಕ್ಸಿನ್ ಪಡೆದ ಇಲಿ ಊಟ ಬಿಡುವುದು ಕಡಿಮೆಯಾಗುತ್ತದೆ. ಅಂದರೆ ಜ್ವರವನ್ನು ಹಿಡಿದಿಡುವ ಹಾರ್ಮೋನೇ ಕಾಯಿಲೆಯಲ್ಲಿ ಹಸಿವನ್ನೂ ಕಟ್ಟುತ್ತದೆ. ‘ಲಂಘನಂ ಪರಮೌಷಧಂ’ ಎಂದು ಹಿರಿಯರು ಹೇಳುತ್ತಿದ್ದರು. ಅವರಿಗೆ ಇದೆಲ್ಲ ಗೊತ್ತಿತ್ತು ಎಂದು ನಾನು ಹೇಳುವುದಿಲ್ಲ, ದಯವಿಟ್ಟು ವಾಟ್ಸಾಪಿನಲ್ಲಿ ಹಾಗೆ ಹಂಚಬೇಡಿ. ಜ್ವರದಲ್ಲಿ ಊಟ ಸೇರುವುದಿಲ್ಲ ಎಂಬುದನ್ನು ಅವರು ಸರಿಯಾಗಿ ಗಮನಿಸಿದ್ದರು, ಅಷ್ಟೇ.

ಜ್ವರದಿಂದ ಉರಿಯೂತಕ್ಕೆ ಬರೋಣ. ಪೆಟ್ಟು ಬಿದ್ದ ಜಾಗ ಕೆಂಪಾಗಿ, ಊದಿ, ಬಿಸಿಯಾಗಿ, ನೋಯುತ್ತದೆ. ಇದು ಆ ಜಾಗದ ಸ್ಥಳೀಯ ವ್ಯವಹಾರ, ಮಿದುಳಿಗೆ ನೋವಿನ ಸುದ್ದಿ ಮುಟ್ಟುವುದನ್ನು ಬಿಟ್ಟರೆ ಬೇರೇನೂ ಇಲ್ಲ ಎಂದೇ ಬಹುಕಾಲ ನಂಬಿದ್ದೆವು. 1994ರಲ್ಲಿ ಲಿಪ್ಟನ್ ಮತ್ತು ಇಟಲಿಯ ಅನ್ನಾ ಕಟಾನಿಯಾ ಅವರ ಬಳಗ ಚಿಟ್ಟಿಲಿಗಳಲ್ಲಿ ಈ ನಂಬಿಕೆಯನ್ನು ಅಲುಗಿಸಿತು. ಚರ್ಮದಲ್ಲಿ ಉರಿಯೂತ ಎಬ್ಬಿಸಿ, ಆಲ್ಫಾ-ಎಂಎಸ್‌ಎಚ್ ಅನ್ನು ಮಿದುಳಿಗೆ ಮಾತ್ರ ಕೊಟ್ಟರು. ದೂರದ ಚರ್ಮದ ಊತ ಇಳಿಯಿತು. ಹಾರ್ಮೋನು ರಕ್ತದಲ್ಲಿ ಹರಿದು ಅಲ್ಲಿಗೆ ಹೋಯಿತೇ ಎಂಬ ಅನುಮಾನ ಬರಬೇಕು. ಅದಕ್ಕೆ ಅವರು ಬೆನ್ನುಹುರಿಯನ್ನು ಕತ್ತರಿಸಿ ನೋಡಿದರು. ಮಿದುಳಿಗೆ ಕೊಟ್ಟ ಹಾರ್ಮೋನು ಆಗ ಕೆಲಸ ಮಾಡಲಿಲ್ಲ. ಅಡ್ರಿನಲಿನ್ ಜಾತಿಯ ನರಸಂದೇಶಗಳನ್ನು ಹಿಡಿಯುವ ಬೀಟಾ ಅಡ್ರಿನರ್ಜಿಕ್ ಗ್ರಾಹಕಗಳನ್ನು ಮುಚ್ಚುವ ಔಷಧ ಕೊಟ್ಟಾಗಲೂ ಮಾಡಲಿಲ್ಲ. ಅಂದರೆ ಮಿದುಳಿನಿಂದ ಬೆನ್ನುಹುರಿಯ ಮೂಲಕ ನರಗಳ ದಾರಿಯಲ್ಲಿ ‘ಸಾಕು’ ಎಂಬ ಅಪ್ಪಣೆ ಇಳಿದು ಬರುತ್ತದೆ. ಇದರ ಜೊತೆಗೆ ಹಾರ್ಮೋನು ಉರಿಯೂತದ ಜಾಗದಲ್ಲಿ ನೇರವಾಗಿಯೂ ಕೆಲಸ ಮಾಡುತ್ತದೆ ಎನ್ನುವುದು ಬೇರೆ ಮಾತು. ಇಡೀ 13 ಕೊಂಡಿಗಳೂ ಬೇಕಿಲ್ಲ, ಬಾಲದ ತುದಿಯ 3 ಅಮೈನೊ ಆಮ್ಲಗಳಿಗೇ ಈ ಗುಣ ಸ್ವಲ್ಪ ಮಟ್ಟಿಗೆ ಇದೆ.

ಮೂರನೆಯ ದಾರಿ ಎಲ್ಲಕ್ಕಿಂತ ಹೆಚ್ಚು ಅಭ್ಯಾಸವಾದದ್ದು. ಹೈಪೊಥಾಲಮಸ್ ಸಿಆರ್‌ಎಚ್ ಎಂಬ ಹಾರ್ಮೋನನ್ನು ಬಿಡುತ್ತದೆ. ಅದು ಪಿಟ್ಯೂಟರಿಯಿಂದ ಎಸಿಟಿಎಚ್ ಹೊರಡಿಸುತ್ತದೆ. ಎಸಿಟಿಎಚ್ ಹೋಗಿ ಮೂತ್ರಪಿಂಡದ ತಲೆಯ ಮೇಲೆ ಕೂತ ಅಡ್ರಿನಲ್ ಗ್ರಂಥಿಯಿಂದ ಸ್ಟೀರಾಯ್ಡ್ ಹೊರಡಿಸುತ್ತದೆ. ಮನುಷ್ಯರಲ್ಲಿ ಕಾರ್ಟಿಸಾಲ್, ಇಲಿಗಳಲ್ಲಿ ಕಾರ್ಟಿಕೊಸ್ಟೀರಾನ್. ಎಸಿಟಿಎಚ್‌ನ ಮೊದಲ 13 ಕೊಂಡಿಗಳ ಸಾಲು ಆಲ್ಫಾ-ಎಂಎಸ್‌ಎಚ್‌ನ ಸಾಲೇ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎರಡೂ ಒಂದೇ ದೊಡ್ಡ ಪ್ರೋಟೀನನ್ನು ಕತ್ತರಿಸಿ ಮಾಡಿದ ತುಂಡುಗಳು. ಆ ಮೂಲ ಪ್ರೋಟೀನಿನ ಪೂರ್ತಿ ವಿನ್ಯಾಸ 1979ರಲ್ಲಿ ಜಪಾನಿನ ಕ್ಯೋಟೊದಲ್ಲಿ ನಕಾನಿಶಿ, ನೂಮಾ ಮತ್ತು ಜೊತೆಯವರಿಂದ ಹೊರಬಂತು. ಸಿಆರ್‌ಎಚ್ ಸಿಕ್ಕಿದ್ದು 1981ರಲ್ಲಿ, ಕ್ಯಾಲಿಫೋರ್ನಿಯದ ಸಾಲ್ಕ್ ಸಂಸ್ಥೆಯ ವೈಲಿ ವೇಲ್ ಅವರಿಗೆ. ಅದಕ್ಕಾಗಿ ಸುಮಾರು 4.9 ಲಕ್ಷ ಕುರಿಗಳ ಹೈಪೊಥಾಲಮಸ್ ಅರೆಯಬೇಕಾಯಿತು ಎಂದರೆ ಮಿದುಳು ಇಂಥದ್ದನ್ನು ಎಷ್ಟು ಸಣ್ಣ ಪ್ರಮಾಣದಲ್ಲಿ ಇಟ್ಟುಕೊಂಡಿರುತ್ತದೆ ಎಂದು ಯೋಚಿಸಿ.

ಸ್ಟೀರಾಯ್ಡ್ ಉರಿಯೂತವನ್ನು ತಗ್ಗಿಸುತ್ತದೆ ಎಂಬುದು ಅದಕ್ಕೂ ಹಳೆಯ ಸಂಗತಿ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ 1948ರಲ್ಲಿ ಕೀಲುವಾತದ ರೋಗಿಗೆ ಕಾರ್ಟಿಸೋನ್ ಕೊಟ್ಟು ಜಗತ್ತನ್ನು ಬೆರಗುಗೊಳಿಸಿದರು, 1950ರಲ್ಲೇ ನೊಬೆಲ್ ಬಂತು. ಅವರಿಗೆ ಸುಳಿವು ಕೊಟ್ಟ ಸಂಗತಿಗಳಲ್ಲಿ ಒಂದು, ಬಸುರಿಯರಲ್ಲಿ ಕೀಲುವಾತದ ಬಾಧೆ ಇಳಿಯುತ್ತಿದ್ದದ್ದು. ಕ್ಯಾಲ್ಗರಿಯವರಿಗೆ ದಾರಿ ತೋರಿದ್ದೂ ಗಬ್ಬದ ಕುರಿ. ಕಾರಣಗಳು ಬೇರೆ ಬೇರೆ ಇರಬಹುದು, ಆದರೆ ಎರಡು ಸಲವೂ ತಾಯ್ತನವೇ ಸುಳಿವು ಕೊಟ್ಟದ್ದು ನನಗೆ ಖುಷಿಯ ವಿಷಯ.

ಸ್ಟೀರಾಯ್ಡನ್ನು ಹೊರಗಿನಿಂದ ಕೊಟ್ಟದ್ದು ಮತ್ತೆ ಅದೇ ಮೊದಲ ಹೆಜ್ಜೆ. ಕಿತ್ತು ನೋಡುವ ಪರೀಕ್ಷೆ ಇಲ್ಲಿ ಪ್ರಕೃತಿಯಲ್ಲೇ ಸಿದ್ಧವಾಗಿತ್ತು. ಲ್ಯೂಯಿಸ್ ಎಂಬ ಇಲಿ ತಳಿ ಇದೆ, ಫಿಷರ್ ಎಂಬ ತಳಿಯೂ ಇದೆ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯದ ಕೋಶಭಿತ್ತಿಯ ಚೂರುಗಳನ್ನು ಎರಡಕ್ಕೂ ಚುಚ್ಚಿದರೆ ಲ್ಯೂಯಿಸ್ ಇಲಿಯ ಕೀಲುಗಳು ಊದಿಕೊಂಡು ಕೀಲುವಾತ ಹಿಡಿಯುತ್ತದೆ, ಫಿಷರ್ ಇಲಿ ಹೆಚ್ಚೇನೂ ಆಗದೆ ಓಡಾಡಿಕೊಂಡಿರುತ್ತದೆ. ದೋಷ ಕೀಲಿನಲ್ಲಿರಬೇಕು, ಇಲ್ಲವೇ ಬಿಳಿ ರಕ್ತಕಣಗಳಲ್ಲಿ ಇರಬೇಕು ಅಲ್ಲವೇ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಎಸ್ತರ್ ಸ್ಟರ್ನ್‌ಬರ್ಗ್ ಮತ್ತು ಸಂಗಡಿಗರು 1989ರಲ್ಲಿ ದೋಷವನ್ನು ಹೈಪೊಥಾಲಮಸ್‌ನಲ್ಲಿ ಹಿಡಿದರು. ಉರಿಯೂತದ ಸುದ್ದಿ ಬಂದಾಗ ಫಿಷರ್ ಇಲಿಯ ಮಿದುಳು ಸಿಆರ್‌ಎಚ್ ಬಿಡುತ್ತದೆ, ಸ್ಟೀರಾಯ್ಡ್ ಏರುತ್ತದೆ, ಉರಿಯೂತ ಹದ್ದುಬಸ್ತಿಗೆ ಬರುತ್ತದೆ. ಲ್ಯೂಯಿಸ್ ಇಲಿಯ ಮಿದುಳು ಆ ಸುದ್ದಿಗೆ ಸರಿಯಾಗಿ ಓಗೊಡುವುದಿಲ್ಲ.

ಮುಂದಿನ ಹೆಜ್ಜೆ ಇನ್ನೂ ಚೊಕ್ಕ. ಗಟ್ಟಿಮುಟ್ಟಾದ ಫಿಷರ್ ಇಲಿಗೆ, ಸ್ಟೀರಾಯ್ಡ್ ಗ್ರಾಹಕವನ್ನು ಮುಚ್ಚುವ ಆರ್‌ಯು-486 ಕೊಟ್ಟರು. ಅದಕ್ಕೂ ತೀವ್ರ ಕಾಯಿಲೆ ಬಂತು. ಲ್ಯೂಯಿಸ್ ಇಲಿಗೆ ಹೊರಗಿನಿಂದ ಅಲ್ಪ ಪ್ರಮಾಣದ ಸ್ಟೀರಾಯ್ಡ್ ಕೊಟ್ಟರು, ಕಾಯಿಲೆ ತಗ್ಗಿತು. ಕೆಲವು ವರ್ಷಗಳ ನಂತರ, 1997ರಲ್ಲಿ, ಫಿಷರ್ ಭ್ರೂಣದ ಹೈಪೊಥಾಲಮಸ್ ಅಂಗಾಂಶವನ್ನು ಲ್ಯೂಯಿಸ್ ಇಲಿಯ ಮಿದುಳಿಗೆ ಕಸಿ ಮಾಡಿದಾಗಲೂ ಉರಿಯೂತದ ಕೆಲವು ಲಕ್ಷಣಗಳು ಇಳಿದವು. ಮಿದುಳಿನ ಚೂರೊಂದನ್ನು ಬದಲಿಸಿ ದೇಹದ ಉರಿಯೂತವನ್ನು ಬದಲಿಸಿದ್ದು! ಈ ಇಡೀ ಕ್ಷೇತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಪ್ರಯೋಗ ಯಾವುದೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಇಷ್ಟರವರೆಗೆ ಎಲ್ಲವೂ ಒಂದೇ ದಿಕ್ಕಿಗೆ ಹರಿಯಿತು. ಇನ್ನು ಸ್ವಲ್ಪ ಕಲಕಬೇಕು. ಸಿಆರ್‌ಎಚ್ ಸ್ಟೀರಾಯ್ಡ್ ಹೊರಡಿಸಿ ಉರಿಯೂತ ತಗ್ಗಿಸುತ್ತದೆ ಎಂದೆನಲ್ಲ, ಅದೇ ಸಿಆರ್‌ಎಚ್ ಊದಿಕೊಂಡ ಅಂಗಾಂಶದಲ್ಲಿ ಸ್ಥಳೀಯವಾಗಿಯೂ ತಯಾರಾಗುತ್ತದೆ. ಅಲ್ಲಿ ಅದು ಮಾಡುವ ಕೆಲಸ ತದ್ವಿರುದ್ಧ. 1991ರಲ್ಲಿ ಕಾಟಿಯಾ ಕರಾಲಿಸ್ ಮತ್ತು ಸಂಗಡಿಗರು ಇಲಿಗಳಲ್ಲಿ ಸಿಆರ್‌ಎಚ್ ವಿರುದ್ಧದ ಪ್ರತಿಕಾಯಗಳನ್ನು ಕೊಟ್ಟಾಗ ಉರಿಯೂತ ಕಡಿಮೆಯಾಯಿತು. ಮಿದುಳಿನಿಂದ ಹೊರಟರೆ ಉರಿಯೂತಕ್ಕೆ ತಡೆ, ಗಾಯದಲ್ಲೇ ಹುಟ್ಟಿದರೆ ಕುಮ್ಮಕ್ಕು.

ಜ್ವರದಲ್ಲೂ ಸಿಆರ್‌ಎಚ್ ಹೀಗೆಯೇ ಆಡಿಸುತ್ತದೆ. ಮ್ಯಾಂಚೆಸ್ಟರಿನ ನ್ಯಾನ್ಸಿ ರಾತ್‌ವೆಲ್ ಇಲಿಗಳ ಮಿದುಳಿನಲ್ಲಿ ಸಿಆರ್‌ಎಚ್‌ಗೆ ತಡೆ ಒಡ್ಡಿದಾಗ ಇಂಟರ್‌ಲ್ಯೂಕಿನ್‌ನಿಂದ ಹುಟ್ಟುವ ಶಾಖ ತಗ್ಗಿತು, ಅಂದರೆ ಇಲಿಯಲ್ಲಿ ಸಿಆರ್‌ಎಚ್ ಜ್ವರದ ಪಕ್ಷ. ಮೊಲದಲ್ಲಿ ನೋಡಿದ ಮಾರ್ಕ್ ಆಪ್ ಮತ್ತು ಸಂಗಡಿಗರಿಗೆ ಸಿಆರ್‌ಎಚ್ ಇಂಟರ್‌ಲ್ಯೂಕಿನ್‌ನ ಜ್ವರವನ್ನು ಇಳಿಸಿದ್ದು ಕಾಣಿಸಿತು. ಎರಡು ಪ್ರಯೋಗಗಳ ವಿಧಾನ ಒಂದೇ ಅಲ್ಲ ನಿಜ, ಆದರೆ ಪ್ರಾಣಿ ಬದಲಾದರೆ ಉತ್ತರವೂ ಬದಲಾಗಬಹುದು ಎಂಬ ಎಚ್ಚರ ಬೇಕು. ಮೊಲದಲ್ಲಿ ಹೀಗಾಯಿತು, ಆದ್ದರಿಂದ ಮನುಷ್ಯನಲ್ಲೂ ಹೀಗೇ ಎಂದು ಯಾರಾದರೂ ಸರಾಗವಾಗಿ ಹೇಳಿದರೆ, ಮೊದಲು ಇಲಿಯನ್ನು ಕೇಳಿ ಬನ್ನಿ ಅನ್ನಿ.

ಅಳತೆಯ ಕಷ್ಟಗಳೂ ಸಣ್ಣವಲ್ಲ. ಇಲಿಯನ್ನು ಕೈಯಲ್ಲಿ ಹಿಡಿದು ಥರ್ಮಾಮೀಟರ್ ಇಟ್ಟರೆ, ಹಿಡಿದ ಗಾಬರಿಗೇ ಅದರ ಉಷ್ಣತೆ ಹತ್ತಿರ ಹತ್ತಿರ 1 ಡಿಗ್ರಿ ಏರುತ್ತದೆ. ಹುಡುಕಲು ಹೊರಟದ್ದು ಒಂದೂವರೆ ಡಿಗ್ರಿಯ ಜ್ವರ, ಹುಡುಕುವ ಕೈಯೇ 1 ಡಿಗ್ರಿ ಸೇರಿಸುತ್ತದೆ! ಆ ಕಾರಣಕ್ಕೆ ಈಗ ಹೊಟ್ಟೆಯೊಳಗೆ ಪುಟ್ಟ ರೇಡಿಯೊ ಸಾಧನ ಇಟ್ಟು, ಪ್ರಾಣಿಯನ್ನು ಮುಟ್ಟದೆ ದೂರದಿಂದ ಅಳೆಯುತ್ತಾರೆ. ಚಿಟ್ಟಿಲಿಯ ಸಮಸ್ಯೆ ಬೇರೆ. ಪ್ರಯೋಗಶಾಲೆಯ ಕೋಣೆ 22 ಡಿಗ್ರಿ ಆಸುಪಾಸಿನಲ್ಲಿರುತ್ತದೆ, ಬಿಳಿ ಕೋಟು ಹಾಕಿದ ನಮಗೆ ಹಿತ. ಅಂಗೈಯಲ್ಲಿ ಹಿಡಿಸುವ ಚಿಟ್ಟಿಲಿಗೆ ಹಿತವಾದದ್ದು 30ರ ಹತ್ತಿರ. 22ರಲ್ಲಿ ಅದು ಇಡೀ ದಿನ ಚಳಿಯೊಡನೆ ಗುದ್ದಾಡುತ್ತಿರುತ್ತದೆ. ಆ ಸ್ಥಿತಿಯಲ್ಲಿ ಎಂಡೊಟಾಕ್ಸಿನ್ ಕೊಟ್ಟರೆ ಜ್ವರದ ಬದಲು ಮೈ ತಣ್ಣಗಾಗುವುದೂ ಉಂಟು. ಕೋಣೆ ಬೆಚ್ಚಗಿದ್ದರೆ ಅದೇ ಇಲಿಗೆ ಸರಿಯಾದ ಜ್ವರ ಬರುತ್ತದೆ. ಹಳೆಯ ಪ್ರಬಂಧಗಳನ್ನು ಓದುವಾಗ ಕೋಣೆಯ ಉಷ್ಣತೆ ಎಷ್ಟಿತ್ತು ಎಂದು ಮೊದಲು ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

25,000 ಪಟ್ಟು ಶಕ್ತಿಯ ಹಾರ್ಮೋನು ಮಾತ್ರೆಯಾಗಿ ಔಷಧದಂಗಡಿಗೆ ಬರಲಿಲ್ಲ ಏಕೆ? ಮಿದುಳಿಗೆ ನೇರವಾಗಿ ಹಾಕಿದಾಗಿನ ಲೆಕ್ಕ ಅದು, ಮೊದಲನೆಯದು. ಇಂಥ ಪುಟ್ಟ ಪ್ರೋಟೀನು ಸರಪಳಿಯನ್ನು ದೇಹ ಬೇಗ ತುಂಡರಿಸಿಬಿಡುತ್ತದೆ. ಒಂದೊಮ್ಮೆ ಉಳಿದರೂ ಅದು ಒಂದೇ ಕೆಲಸ ಮಾಡುವುದಿಲ್ಲ, ಚರ್ಮದ ಬಣ್ಣ, ಹಸಿವು, ಕಾಮನೆ, ರಕ್ತದೊತ್ತಡ ಎಲ್ಲವನ್ನೂ ಮುಟ್ಟುತ್ತದೆ. ಪ್ಯಾರಾಸಿಟಮಾಲ್ ಅಗ್ಗಕ್ಕೆ ಸಿಗುವಾಗ ಇಷ್ಟೆಲ್ಲ ಕಟ್ಟಿಕೊಳ್ಳುವವರು ಯಾರು? ತಮಾಷೆಯೆಂದರೆ, ಅದರ ಸೋದರರೂಪಗಳು ಆ ಅಡ್ಡಪರಿಣಾಮಗಳಿಗಾಗಿಯೇ ಔಷಧಗಳಾದವು. ಬಿಸಿಲು ತಾಗಿದರೆ ಚರ್ಮ ತಡೆಯಲಾರದಷ್ಟು ಉರಿಯುವ ಒಂದು ಅಪರೂಪದ ಆನುವಂಶಿಕ ಕಾಯಿಲೆಗೆ ಅಫಾಮೆಲನೊಟೈಡ್, ಜೀನಿನ ದೋಷದಿಂದ ಹಸಿವು ತಣಿಯದೆ ಬರುವ ಬೊಜ್ಜಿಗೆ ಸೆಟ್‌ಮೆಲನೊಟೈಡ್. ಜ್ವರಕ್ಕಾಗಿ ಹೊರಟ ಹಾರ್ಮೋನು ಹೀಗೆ ಬಣ್ಣ ಮತ್ತು ಹಸಿವಿನ ಬಾಗಿಲಲ್ಲಿ ಹೋಗಿ ನಿಂತಿತು.

ಇನ್ನು ನಿಮ್ಮ ಪ್ರಶ್ನೆಗಳು.

ಜ್ವರ ಬಂದಾಗ ಮಾತ್ರೆ ತಗೋಬೇಕೋ ಬೇಡವೋ ಎಂದು ಮುಂದಿನ ಸಾಲಿನ ಅಮ್ಮ ಒಬ್ಬರು ಕೇಳಿದರು.

ಓತಿಯ ಕಥೆ ಕೇಳಿ ಮಾತ್ರೆ ಬಿಡಬೇಡಿ ಅಮ್ಮ. ಓತಿಗೆ ಹೃದಯದ ಕಾಯಿಲೆ ಇರುವ ಅತ್ತೆ ಇರುವುದಿಲ್ಲ. ಜ್ವರ ಏರಿದ ಪ್ರತಿ ಡಿಗ್ರಿಗೂ ಹೃದಯ ಜೋರಾಗಿ ಓಡಬೇಕು, ದೇಹ ಹೆಚ್ಚು ಉರಿಯಬೇಕು, ವಯಸ್ಸಾದವರಿಗೆ ಅದು ಭಾರ. ಮೈಕೈ ನೋವಿಗೆ, ನಿದ್ದೆಗೆ, ಎರಡು ಗುಟುಕು ನೀರು ಸೇರಲು ಮಾತ್ರೆ ಒಳ್ಳೆಯದೇ. 99.5 ತೋರಿಸಿದ ಕೂಡಲೇ ಗಾಬರಿಯಾಗಿ ನುಂಗುವ ಅಗತ್ಯವಿಲ್ಲ, ಅಷ್ಟೇ. ತೀರಾ ಎಳೆಯ ಕೂಸಿಗೆ ಜ್ವರ ಬಂದರೆ ಮಾತ್ರ ಅಂಕಿ ನೋಡುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಿ.

‘ಮಿದುಳು ಉರಿಯೂತ ತಗ್ಗಿಸುತ್ತದೆ ಅಂದಿರಿ. ಹಾಗಾದರೆ ಮನಸ್ಸು ಗಟ್ಟಿಯಿದ್ದರೆ ಕಾಯಿಲೆ ಬರುವುದಿಲ್ಲ ಅನ್ನೋದು ನಿಜ ಅಲ್ವೇ ಸಾರ್?’ ಎಂದು ಒಬ್ಬ ಹುಡುಗ ಕೇಳಿದ.

ಈ ಪ್ರಶ್ನೆ ಬರುತ್ತದೆ ಎಂದು ಗೊತ್ತಿತ್ತು. ಲ್ಯೂಯಿಸ್ ಇಲಿಯದು ಮನಸ್ಸಿನ ದೌರ್ಬಲ್ಯವಲ್ಲ ಮರಿ, ಹುಟ್ಟಿನಿಂದ ಬಂದ ತಳಿಗುಣ. ಕೀಲುವಾತದಿಂದ ನರಳುವವರ ಹತ್ತಿರ ಹೋಗಿ ‘ಧೈರ್ಯ ಸಾಲದು’ ಎಂದು ಹೇಳುವುದಕ್ಕೆ ಈ ಪ್ರಯೋಗಗಳಲ್ಲಿ ಒಂದು ಎಳೆಯ ಆಧಾರವೂ ಇಲ್ಲ. ಇನ್ನೊಂದು ಮಾತು. ತಡೆ ಎಂದರೆ ಯಾವಾಗಲೂ ಒಳ್ಳೆಯದು ಎಂದೂ ಅಲ್ಲ. 2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ವೆಂಟಿಲೇಟರ್‌ನಲ್ಲಿದ್ದ ಕೋವಿಡ್ ರೋಗಿಗಳ ಸಾವನ್ನು ಸುಮಾರು ಮೂರನೇ ಒಂದರಷ್ಟು ಇಳಿಸಿತು. ಆಮ್ಲಜನಕವೇ ಬೇಕಿಲ್ಲದ ರೋಗಿಗಳಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಬೇಡದ ಹೊತ್ತಿನಲ್ಲಿ, ಬೇಡದಷ್ಟು ಸ್ಟೀರಾಯ್ಡ್ ನುಂಗಿದವರ ಸಕ್ಕರೆ ಏರಿ, ಕಪ್ಪು ಶಿಲೀಂಧ್ರ ತಗುಲಿ ಪಟ್ಟ ಪಾಡನ್ನು 2021ರಲ್ಲಿ ಇಡೀ ದೇಶ ನೋಡಿದೆ.

ಕೊನೆಯದಾಗಿ, ಇಷ್ಟೊಂದು ಪ್ರಾಣಿಗಳನ್ನು ಹಿಂಸಿಸಬೇಕಿತ್ತೇ ಎಂದು ಒಬ್ಬರು ಚೀಟಿ ಕಳಿಸಿದ್ದರು. ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಇಂಥ ಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿ ಇದೆ, ಅನುಮತಿ ಇಲ್ಲದೆ ಮಾಡುವಂತಿಲ್ಲ. ಕೆಲವು ಕಡೆ ಪ್ರಾಣಿಯನ್ನು ಪೂರ್ತಿ ಬಿಡಿಸಲು ಸಾಧ್ಯವಾಗಿದೆ. ಚುಚ್ಚುಮದ್ದಿನ ದ್ರಾವಣದಲ್ಲಿ ಜ್ವರ ಬರಿಸುವ ಕಲ್ಮಷ ಇದೆಯೇ ಎಂದು ದಶಕಗಳ ಕಾಲ ಮೊಲಗಳಿಗೆ ಚುಚ್ಚಿ ನೋಡುತ್ತಿದ್ದರು. ಆ ಮೊಲದ ಪರೀಕ್ಷೆಯನ್ನು ತನ್ನ ಪುಟಗಳಿಂದ ತೆಗೆದುಹಾಕಲು ಯುರೋಪಿನ ಔಷಧ ಸಂಹಿತೆ 2024ರಲ್ಲಿ ತೀರ್ಮಾನಿಸಿತು. ಮನುಷ್ಯರ ರಕ್ತದ ಮಾನೊಸೈಟ್ ಕೋಶಗಳನ್ನು ಬಳಸಿ ಅದನ್ನೇ ಗಾಜಿನ ತಟ್ಟೆಯಲ್ಲಿ ಪತ್ತೆ ಮಾಡಬಹುದು. ಆದರೆ ಮಿದುಳಿಗೆ ಕೊಟ್ಟದ್ದು ಚರ್ಮದ ಊತವನ್ನು ಇಳಿಸಿತೇ ಎಂಬ ಪ್ರಶ್ನೆಗೆ ತಟ್ಟೆ ಉತ್ತರಿಸದು. ಅಲ್ಲಿ ಮಿದುಳು, ಬೆನ್ನುಹುರಿ, ಅಡ್ರಿನಲ್ ಒಟ್ಟಿಗೆ ಇರುವ ಜೀವವೇ ಬೇಕು. ಮೊದಲು ಹೇಳಿದ ರೇಡಿಯೊ ಸಾಧನದಿಂದ ಒಂದೇ ಇಲಿಯ ಅಳತೆ ವಾರಗಟ್ಟಲೆ ಸಿಗುವುದರಿಂದ ಇಲಿಗಳ ಸಂಖ್ಯೆ ಇಳಿಸಬಹುದು. ಸೊನ್ನೆ ಮಾಡಲು ಸದ್ಯಕ್ಕೆ ದಾರಿ ಕಾಣುತ್ತಿಲ್ಲ.